‘ಜೊತೆಯಲಿ’ ಹಾಡು ಯಾರದ್ದು?

ಮೊನ್ನೆ ನಮ್ಮ ನಾದಿನಿ ಮಗಳ ಆರತಕ್ಷತೆಗೆ ಬಂದಿದ್ದವರಿಗೆ ನೆನಪಿರಬಹುದು. ಆರ್ಕೆಸ್ಟ್ರಾದವ್ರು ‘ಜೊತೆಯಲಿ ಜೊತೆ ಜೊತೆಯಲಿ’ ಶುರು ಮಾಡಿದ್ದೇ ತಡ, ನಾವು ಐದಾರು ಜನ ಊಟದ ಕ್ಯೂ ಬಿಟ್ಟು ಸ್ಟೇಜ್ ಹತ್ರ ಹೋಗಿ ನಿಂತ್ವಿ. ಪಕ್ಕದಲ್ಲಿದ್ದ ಹುಡುಗ, “ಆಂಟಿ, ಇದು ‘ಚೀನಿ ಕಮ್’ ಹಾಡು, ಕನ್ನಡದವ್ರು ಕಾಪಿ ಹೊಡ್ದಿದಾರೆ” ಅಂದ. ನನಗೆ ಮೈ ಉರಿದು ಹೋಯ್ತು. ಉತ್ತರ ಹೇಳೋಕೆ ಬಾಯಿ ತೆಗೆದವಳು ಹಾಗೇ ಸುಮ್ಮನಾದೆ. ಇದೇ ಹಾಡಿನ ಮೇಲೆ ಹಿಂದೊಂದ್ಸಲ ಜಗಳ ಆಡಿ ನಾನು ಕಳ್ಕೊಂಡಿದ್ದು ನೆನಪಾಯ್ತು.

ಮೊದಲು ಹಾಡಿನ ಕತೆ ಹೇಳ್ತೀನಿ. ‘ಗೀತಾ’ ಸಿನಿಮಾ ಬಂದಿದ್ದು 1981ರಲ್ಲಿ. ಶಂಕರ್ ನಾಗ್ ಅವರದೇ ನಿರ್ದೇಶನ, ಅವರೇ ಹೀರೋ. ನಾಯಕಿ ಅಕ್ಷತಾ ರಾವ್. ಹುಡುಗಿಗೆ ರಕ್ತದ ಕ್ಯಾನ್ಸರ್ ಅನ್ನೋ ಕತೆ. ನಮ್ಮಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ಥಿಯೇಟರಿಂದ ಹೊರಗೆ ಬಂದಿದ್ರು. ಸಾಹಿತ್ಯ ಚಿ. ಉದಯಶಂಕರ್, ಸಂಗೀತ ಇಳಯರಾಜ, ಹಾಡಿದ್ದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ಎಸ್. ಜಾನಕಿ. ಆಗ ತ್ಯಾಗರಾಜನಗರದ ನಮ್ಮ ರಸ್ತೇಲಿ ಒಂದು ಮನೆ ರೇಡಿಯೋಲಿ ಹಾಡು ಬಂದ್ರೆ ಸಾಕು, ನಾಲ್ಕು ಮನೆಯವ್ರು ಕೇಳಿದ ಹಾಗೇ.

ಮೂರು ವರ್ಷ ಆದ್ಮೇಲೆ, 1984ರಲ್ಲಿ, ತಮಿಳಲ್ಲಿ ‘ನೂರಾವದು ನಾಳ್’ ಅನ್ನೋ ಸಿನಿಮಾ ಬಂತು. ಮಣಿವಣ್ಣನ್ ಅವರ ನಿರ್ದೇಶನ, ಕೊಲೆಯ ಕತೆ. ಅದರಲ್ಲಿ ‘ವಿಳಿಯಿಲೆ’ ಅಂತ ಇದೇ ರಾಗದ ಹಾಡು. ಹಾಡಿದವ್ರೂ ಅದೇ ಇಬ್ಬರು! ಪಕ್ಕದ ಮನೆ ಮಾಮಿಯ ಮಗಳು ನನ್ನ ಜೀವದ ಗೆಳತಿ. ಅವಳ ಚಿಕ್ಕಪ್ಪ ಮದ್ರಾಸಿಂದ ಕ್ಯಾಸೆಟ್ ತಂದಿದ್ರು. “ನೋಡೇ, ಇದು ನಮ್ಮ ಹಾಡು” ಅಂದ್ಲು. “ನಿಮ್ಮದೆಂಥದ್ದು? ನಮ್ಮದನ್ನ ಕದ್ದಿದೀರ” ಅಂದೆ. ಮಾತಿಗೆ ಮಾತು ಬೆಳೀತು. ಕೊನೆಗೆ “ನೀವು ಎಲ್ಲಾನೂ ಹಾಗೇ ತಾನೇ ಮಾಡೋದು” ಅಂತ ಅಂದುಬಿಟ್ಟೆ. ಮಾಮಿ ಅಡುಗೆಮನೆ ಬಾಗಿಲಲ್ಲೇ ನಿಂತಿದ್ರು. ಏನೂ ಅನ್ನಲಿಲ್ಲ, ಒಳಗೆ ಹೋದ್ರು. ನಾವಿಬ್ಬರೂ ಟೂ ಬಿಟ್ವಿ. ಅದು ಮುಗಿಯೋ ಮುಂಚೆ ಅವರಪ್ಪಂಗೆ ವರ್ಗ ಆಗಿ ಊರೇ ಬಿಟ್ರು.

ಕನ್ನಡದ್ದೇ ಮೊದಲು ಅನ್ನೋದು ಸರಿ. ಆದ್ರೆ ಕಳ್ಳತನ ಅಂದಿದ್ದು ತಪ್ಪು. ತನ್ನ ರಾಗವನ್ನ ತಾನೇ ಇನ್ನೊಂದು ಭಾಷೆಗೆ ಕೊಟ್ರೆ ಅದು ಕದ್ದ ಹಾಗಾಗುತ್ತಾ? ಒಂದೇ ಹಿಟ್ಟಿನಲ್ಲಿ ದೋಸೆನೂ ಹುಯ್ತೀವಿ, ಪಡ್ಡೂ ಮಾಡ್ತೀವಿ. ಹಿಟ್ಟು ನಮ್ಮನೇದೇ ತಾನೇ.

ಇನ್ನೊಂದು ವಿಷಯ ನನಗೆ ಆಗ ಗೊತ್ತಿರಲಿಲ್ಲ. ಇಳಯರಾಜ ತಾವೇ ಸಂಗೀತ ನಿರ್ದೇಶಕರಾಗೋ ಮುಂಚೆ ಜಿ.ಕೆ. ವೆಂಕಟೇಶ್ ಅವರ ಹತ್ರ ಸಹಾಯಕರಾಗಿದ್ರು. ‘ಬಂಗಾರದ ಮನುಷ್ಯ’, ‘ಕಸ್ತೂರಿ ನಿವಾಸ’ದ ಸಂಗೀತ ಕೊಟ್ಟ ವೆಂಕಟೇಶ್! ಅವರ ಜೊತೆ ಮಾಡಿದ್ದರಲ್ಲಿ ಕನ್ನಡ ಸಿನಿಮಾಗಳೇ ಹೆಚ್ಚು. ಅಂದ್ರೆ ತಮಿಳುನಾಡಿನ ಪಣ್ಣೈಪುರದ ಹುಡುಗ ಕೆಲಸ ಕಲಿತಿದ್ದು ನಮ್ಮ ಹಾಡುಗಳ ಮಧ್ಯೆ. ಬಾಲು, ಜಾನಕಿ ಇಬ್ಬರೂ ಆಂಧ್ರದವ್ರು. ಶಂಕರ್ ನಾಗ್ ಮನೆಮಾತು ಕೊಂಕಣಿ. ಇಷ್ಟೂ ಜನ ಸೇರಿ ಮಾಡಿದ ಹಾಡು ನಮಗೆ ಅಚ್ಚ ಕನ್ನಡದ್ದಾಗಿ ಕೇಳಿಸುತ್ತೆ.

ಹಿಂದಿಗೆ ಹೋಗಿದ್ದು 2007ರಲ್ಲಿ, ‘ಗೀತಾ’ ಬಂದು 26 ವರ್ಷ ಆದ್ಮೇಲೆ. ಆರ್. ಬಾಲ್ಕಿ ನಿರ್ದೇಶನದ ‘ಚೀನಿ ಕಮ್’, ಅಮಿತಾಭ್ ಮತ್ತು ಟಬು. ಅದಕ್ಕೂ ಇಳಯರಾಜ ಅವರದೇ ಸಂಗೀತ. ಶ್ರೇಯಾ ಘೋಷಾಲ್ ಹಾಡಿದ ‘ಜಾನೆ ದೋ ನಾ’ ಇದೇ ರಾಗ. ಆದ್ರೆ ಕನ್ನಡದ್ದು ಯುಗಳ ಗೀತೆ, ಓಡೋ ನಡಿಗೆ. ಹಿಂದಿಯದ್ದು ಒಬ್ಬಳೇ ನಿಧಾನಕ್ಕೆ, ಕಿವಿಯಲ್ಲಿ ಹೇಳಿದ ಹಾಗೆ. ಕತೆ ಅಂಥದ್ದು ಕಣ್ರೀ, 64ರ ಅಡುಗೆಯವನಿಗೂ 34ರ ಹೆಂಗಸಿಗೂ ಪ್ರೀತಿ. ಅಲ್ಲಿ ಓಡೋ ಹಾಡು ಹೊಂದಲ್ಲ. ಸಾವಧಾನವಾಗಿ ಎರಡನ್ನೂ ಒಂದಾದ್ಮೇಲೊಂದು ಕೇಳಿ ನೋಡಿ, ಗೊತ್ತಾಗುತ್ತೆ.

‘ಪಲ್ಲವಿ ಅನುಪಲ್ಲವಿ’ ಕತೆನೂ ಹೀಗೇ. ಮಣಿರತ್ನಂ ಅವರ ಮೊದಲನೇ ಸಿನಿಮಾ, 1983ರಲ್ಲಿ ಬಂದಿದ್ದು, ಕನ್ನಡದ್ದೇ. ಅದಕ್ಕೆ ಇಳಯರಾಜ ಮಾಡಿದ ಟ್ಯೂನು ಮುಂದೆ ಐಡಿಯಾ ಮೊಬೈಲ್ ಜಾಹೀರಾತಿನಲ್ಲಿ ದೇಶಕ್ಕೆಲ್ಲ ಕೇಳಿಸ್ತು. ಎಷ್ಟು ಜನಕ್ಕೆ ಅದು ಕನ್ನಡ ಸಿನಿಮಾದ್ದು ಅಂತ ಗೊತ್ತು?

ಈಗಿನವರಿಗೆ ‘ಜೊತೆ ಜೊತೆಯಲಿ’ ಅಂದ್ರೆ 2019ರಲ್ಲಿ ಶುರುವಾದ ಧಾರಾವಾಹಿ. ಶಂಕರ್ ನಾಗ್ 1990ರ ಸೆಪ್ಟೆಂಬರ್ 30ರಂದು ಅಪಘಾತದಲ್ಲಿ ಹೋದ್ರು, ಬಾಲು 2020ರ ಸೆಪ್ಟೆಂಬರಿನಲ್ಲಿ. ಹಾಡು ಮಾತ್ರ ಮದುವೆ ಮನೆ ಬಿಟ್ಟಿಲ್ಲ.

ಆ ಹುಡುಗನ್ನ ಕೂರಿಸ್ಕೊಂಡು, ಹೋಳಿಗೆ ತಿನ್ನುತ್ತಾ ಮೂರೂ ಇಸವಿ ಹೇಳ್ದೆ. ಬೈಯಲಿಲ್ಲ. ಮನೆಗೆ ಬಂದ್ಮೇಲೆ ಅವರಿವರ ಕೈಲಿ ಕೇಳಿ ಗೆಳತಿ ನಂಬರ್ ಹುಡುಕಿದೆ. ಈಗ ಕೊಯಮತ್ತೂರಿನಲ್ಲಿ ಇದಾಳೆ. ಫೋನ್ ಮಾಡಿ, “ಆವತ್ತು ಹಾಗಂದಿದ್ದು ತಪ್ಪಾಯ್ತು ಕಣೇ” ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಮ್ಮ ಹೋಗಿ ಆರು ವರ್ಷ ಆಯ್ತು” ಅಂದ್ಲು. ಮಾಮಿಗೆ ಹೇಳೋದು ಹಾಗೇ ಉಳೀತು.

ಫೋನ್ ಇಡೋ ಮುಂಚೆ ಅವಳು ಕನ್ನಡದ್ದೇ ಪಲ್ಲವಿ ಹಾಡಿದ್ಲು, ಒಂದಕ್ಷರ ಮರೆತಿಲ್ಲ. ನನಗೆ ತಮಿಳಿಂದು ಎರಡನೇ ಸಾಲೂ ಬರಲ್ಲ. ಈಗ ಕಲೀತಾ ಇದೀನಿ.