ಒಂದು ಲಕ್ಷದ ದನಿ

1935. ಒಂದು ತಮಿಳು ಸಿನಿಮಾ. 27 ವರ್ಷದ ಒಬ್ಬ ಹೆಣ್ಣುಮಗಳು. ಆಕೆ ಆ ಸಿನಿಮಾಗೆ ತಗೊಂಡ ಸಂಭಾವನೆ ಎಷ್ಟು ಗೊತ್ತಾ? ಒಂದು ಲಕ್ಷ ರೂಪಾಯಿ.

ಇವತ್ತು ಒಂದು ಲಕ್ಷ ಅಂದ್ರೆ ಯಾರೂ ಹುಬ್ಬೇರಿಸಲ್ಲ. ಆದರೆ ಆವತ್ತು 10 ಗ್ರಾಂ ಚಿನ್ನ 40 ರೂಪಾಯಿ ಒಳಗೇ ಸಿಗ್ತಿತ್ತು. ಲೆಕ್ಕ ಹಾಕಿ. 25 ಕೆ.ಜಿ. ಚಿನ್ನಕ್ಕಿಂತ ಹೆಚ್ಚು ಬರುವಷ್ಟು ದುಡ್ಡು. ಅಷ್ಟು ದುಡ್ಡನ್ನ ಅದಕ್ಕೂ ಮುಂಚೆ ಒಂದೇ ಒಂದು ಸಿನಿಮಾದಲ್ಲೂ ನಟಿಸದ ಹೆಣ್ಣಿಗೆ ಕೊಡೋಕೆ ನಿರ್ಮಾಪಕರು ಒಪ್ಪಿದ್ದು ಯಾಕೆ? ಉತ್ತರ ಆಕೆಯ ಮುಖದಲ್ಲಿ ಇರಲಿಲ್ಲ. ಗಂಟಲಲ್ಲಿತ್ತು.

ಆಕೆ ಕೆ.ಬಿ. ಸುಂದರಾಂಬಾಳ್. ‘ಕೆ’ ಅಂದ್ರೆ ಊರು, ಕೊಡುಮುಡಿ. ‘ಬಿ’ ಅಂದ್ರೆ ಬಾಲಾಂಬಾಳ್. ಅದು ಅಪ್ಪನ ಹೆಸರಲ್ಲ, ಅಮ್ಮನ ಹೆಸರು. ಅಪ್ಪನ ಆಸರೆ ಇಲ್ಲದ, ಹೊಟ್ಟೆಗೆ ಗತಿ ಇಲ್ಲದ ಮನೆ. 1908ರಲ್ಲಿ ಹುಟ್ಟಿದ ಈ ಮಗು ರೈಲಿನಲ್ಲಿ ಹಾಡಿ ನಾಲ್ಕು ಕಾಸು ಸಂಪಾದಿಸ್ತಿತ್ತು. ರೈಲಿನ ಸದ್ದನ್ನ ಮೀರಿ ಕೇಳಿಸೋ ದನಿ. ಆ ದನಿ ಕೇಳಿದವರೊಬ್ಬರು ಆಕೆಯನ್ನ ನಾಟಕ ಕಂಪನಿಗೆ ತಲುಪಿಸಿದರು.

ಈಗ ಆ ಕಾಲದ ನಾಟಕವನ್ನ ಸ್ವಲ್ಪ ಕಣ್ಣಮುಂದೆ ತಂದುಕೊಳ್ಳಿ. ನಮ್ಮ ಗುಬ್ಬಿ ಕಂಪನಿ ನೆನಪಿಸಿಕೊಂಡರೂ ಸಾಕು. ಸಾವಿರಾರು ಜನ. ರಾತ್ರಿಯಿಡೀ ಆಟ. ಮೈಕ್ ಇಲ್ಲ. ಕೊನೇ ಸಾಲಿನಲ್ಲಿ ಚಾಪೆ ಹಾಸಿಕೊಂಡು ಕೂತವನಿಗೂ ಪದ ಪದ ಕೇಳಬೇಕು. ಹಾಗಾಗಿ ಮೊದಲು ಹಾಡು, ಆಮೇಲೆ ನಟನೆ. ‘ಒನ್ಸ್ ಮೋರ್’ ಅಂತ ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ನಿಂತು ಮತ್ತೆ ಹಾಡಬೇಕು!

ತಮಿಳುನಾಡಿನಲ್ಲಿ ಇನ್ನೊಂದು ಪದ್ಧತಿ ಇತ್ತು. ಅದರ ಹೆಸರು ‘ಸ್ಪೆಷಲ್ ನಾಟಕ’. ಒಂದೇ ಕಂಪನಿಯ ಕಲಾವಿದರಲ್ಲ, ಒಂದೊಂದು ಊರಿಂದ ಒಬ್ಬೊಬ್ಬ ಸ್ಟಾರ್ ಕರೆಸಿ ಒಂದು ರಾತ್ರಿ ವೇದಿಕೆ ಮೇಲೆ ಎದುರುಬದುರು ನಿಲ್ಲಿಸ್ತಿದ್ರು. ರಿಹರ್ಸಲ್ ಇಲ್ಲ. ಶಂಕರದಾಸ್ ಸ್ವಾಮಿಗಳು ಬರೆದ ‘ವಳ್ಳಿ ತಿರುಮಣಂ’ನಂಥ ನಾಟಕಗಳು ಎಲ್ಲರಿಗೂ ಬಾಯಿಪಾಠ. ಅಲ್ಲಿ ನಡೀತಿದ್ದದ್ದು ಒಂಥರಾ ಹಾಡಿನ ಕುಸ್ತಿ. ಯಾರು ಗೆಲ್ತಾರೆ ಅಂತ ನೋಡೋಕೇ ಜನ ಬರ್ತಿದ್ರು.

1926, ಕೊಲಂಬೊ. ಸುಂದರಾಂಬಾಳ್ ಸಿಂಹಳದಲ್ಲಿ ಹೆಸರು ಮಾಡಿದ್ದ ಹೊತ್ತು. ಎದುರಿಗೆ ಬಂದವನು ಚೆಂಗೋಟೆಯ ಎಸ್.ಜಿ. ಕಿಟ್ಟಪ್ಪ. ವಯಸ್ಸು 20. ಆ ಕಾಲದ ಅತ್ಯಂತ ಎತ್ತರದ ಗಂಡು ಕಂಠ. ಇಬ್ಬರಲ್ಲಿ ಒಬ್ಬರು ಸೋಲ್ತಾರೆ ಅಂತ ಕಾದು ಕೂತಿದ್ದ ಜನ ಆ ರಾತ್ರಿ ಕಂಡಿದ್ದು ಒಂದು ಜೋಡಿಯನ್ನ. 1927ರಲ್ಲಿ ಇಬ್ಬರೂ ಮದುವೆಯಾದರು.

ಸುಖಾಂತ್ಯ ಅಂದ್ಕೊಂಡ್ರಾ? ಅಲ್ಲ. ಕಿಟ್ಟಪ್ಪನಿಗೆ ಆಗಲೇ ಒಂದು ಮದುವೆ ಆಗಿತ್ತು. ಅವನದು ಬ್ರಾಹ್ಮಣ ಕುಟುಂಬ, ಈಕೆ ಬೇರೆ ಜಾತಿಯ ನಾಟಕದ ಹೆಣ್ಣು. ವೇದಿಕೆ ಮೇಲೆ ಅವರಿಬ್ಬರನ್ನ ಕಂಡು ಕಣ್ಣೀರು ಹಾಕಿದ ಸಮಾಜ ವೇದಿಕೆ ಇಳಿದ ಮೇಲೆ ಆಕೆಯನ್ನ ಹೆಂಡತಿ ಅಂತ ಪೂರ್ತಿ ಒಪ್ಪಲಿಲ್ಲ. ಹುಟ್ಟಿದ ಮಗು ಉಳಿಯಲಿಲ್ಲ. ಸಂಸಾರ ಬಿರುಕುಬಿಟ್ಟಿತು. ಕುಡಿತ ಕಿಟ್ಟಪ್ಪನ ದೇಹವನ್ನ ತಿಂದು ಹಾಕಿತು. 1933ರ ಡಿಸೆಂಬರ್ 2. ಕಿಟ್ಟಪ್ಪ ಇಲ್ಲವಾದ. ಅವನಿಗೆ 27. ಈಕೆಗೆ 25.

ಅವತ್ತಿನಿಂದ ಆಕೆ ಬಿಳಿ ಸೀರೆ ಉಟ್ಟರು. ಸಾಯೋವರೆಗೂ ಬಿಳಿ ಸೀರೆಯೇ. ಇನ್ನು ಯಾವ ಗಂಡಿನ ಎದುರೂ ಜೋಡಿಯಾಗಿ ನಟಿಸಲ್ಲ ಅಂತ ನಿರ್ಧಾರ ಮಾಡಿದರು. ಜೋಡಿ ಹಾಡಿನಿಂದಲೇ ಸ್ಟಾರ್ ಆದ ಕಲಾವಿದೆ ಜೋಡಿಯೇ ಬೇಡ ಅಂದರೆ ಏನರ್ಥ? ವೃತ್ತಿ ಮುಗೀತು ಅಂತಲೇ ಅರ್ಥ. ಆದರೆ ಮುಗೀಲಿಲ್ಲ. ಯಾಕೆ? ಗ್ರಾಮಾಫೋನ್ ಪ್ಲೇಟು.

ಇದು ಸ್ವಲ್ಪ ವಿವರವಾಗಿ ಹೇಳಬೇಕಾದ ವಿಷಯ. 1925ರ ಸುಮಾರಿಗೆ ರೆಕಾರ್ಡಿಂಗ್ ತಂತ್ರಜ್ಞಾನವೇ ಬದಲಾಯಿತು. ಅಲ್ಲಿಯವರೆಗೆ ಒಂದು ದೊಡ್ಡ ಕೊಳವೆಯೊಳಗೆ ಮುಖ ಹಾಕಿ ಕೂಗಬೇಕಿತ್ತು. ಈಗ ಮೈಕ್ರೋಫೋನ್ ಬಂತು. ಉಸಿರು, ನಡುಕ, ಬಿಕ್ಕು ಎಲ್ಲ ಅರಗಿನ ಪ್ಲೇಟಿನ ಮೇಲೆ ಮೂಡತೊಡಗಿತು. ಆದರೆ ಪ್ಲೇಟಿನ ಒಂದು ಮಗ್ಗುಲಲ್ಲಿ ಸಿಗೋದು ಮೂರು, ಮೂರೂವರೆ ನಿಮಿಷ ಅಷ್ಟೇ. ನಾಟಕದಲ್ಲಿ ಅರ್ಧ ಗಂಟೆ ಎಳೆಯೋ ಹಾಡನ್ನ ಮೂರು ನಿಮಿಷಕ್ಕೆ ಕಟ್ಟಬೇಕು. ಆಲಾಪ ಚೂರು, ಪಲ್ಲವಿ, ಚರಣ, ಕೊನೆಗೊಂದು ಎತ್ತರದ ಸ್ವರ. ಮುಗೀತು. ಎದುರಿಗೆ ಜನ ಇಲ್ಲ, ಚಪ್ಪಾಳೆ ಇಲ್ಲ, ಒನ್ಸ್ ಮೋರ್ ಇಲ್ಲ. ಎಷ್ಟೋ ದೊಡ್ಡ ನಾಟಕದವರು ಈ ಪರೀಕ್ಷೆಯಲ್ಲಿ ಸೋತರು. ಸುಂದರಾಂಬಾಳ್ ಗೆದ್ದರು. ಯಾಕಂದ್ರೆ ಆಕೆಗೆ ಪದ ಸ್ಪಷ್ಟವಾಗಿ ಹೇಳೋ ಅಭ್ಯಾಸ ಇತ್ತು. ಹಾಡು ಅರ್ಥವಾಗಬೇಕು ಅನ್ನೋದು ನಾಟಕದ ಪಾಠ. ಆ ಪಾಠ ಪ್ಲೇಟಿನಲ್ಲಿ ಕೆಲಸಕ್ಕೆ ಬಂತು.

ಅದಕ್ಕಿಂತ ದೊಡ್ಡ ಸಂಗತಿ ಇನ್ನೊಂದಿದೆ. ನಾಟಕದ ಹೆಣ್ಣನ್ನ ಆ ಕಾಲದ ‘ಮರ್ಯಾದಸ್ಥರ’ ಮನೆಯೊಳಗೆ ಸೇರಿಸ್ತಿರಲಿಲ್ಲ. ಮನೆಯ ಹೆಣ್ಣುಮಕ್ಕಳು ನಾಟಕ ನೋಡೋಕೆ ಹೋಗೋದೂ ಅಪರೂಪ. ಆದರೆ ಪ್ಲೇಟು? ಅದು ಪೇಟೆಯಿಂದ ಕಾಗದದ ಚೀಲದಲ್ಲಿ ಬಂದು ನಡುಮನೆಯಲ್ಲಿ ಕೂತಿತು. ದೇವರ ಕೋಣೆ ಪಕ್ಕದಲ್ಲೇ ತಿರುಗಿತು. ಯಾವ ಹೆಂಗಸಿಗೆ ಹೊಸ್ತಿಲು ದಾಟೋಕೆ ಬಿಡ್ತಿರಲಿಲ್ಲವೋ ಅದೇ ಹೆಂಗಸಿನ ದನಿಯಲ್ಲಿ ಮನೆಯವರೆಲ್ಲ ಮುರುಗನ್ ಹಾಡು ಕೇಳಿ ಕೈ ಮುಗಿದರು. ದನಿ ಬೇಕು, ಆ ದನಿ ಇಟ್ಟುಕೊಂಡಿರೋ ಮನುಷ್ಯಳು ಬೇಡ! ಇದು ನಮ್ಮ ಸಮಾಜದ ಇಬ್ಬಂದಿತನ. ಆದರೆ ಅದೇ ಬಿರುಕಿನಲ್ಲಿ ಆಕೆ ಒಳಗೆ ಬಂದರು ಅನ್ನೋದೂ ಅಷ್ಟೇ ನಿಜ.

ಪ್ಲೇಟು ದೇಶದ ಮಾತನ್ನೂ ಹೊತ್ತು ತಂತು. ಗಾಂಧಿ, ಖಾದಿ, ರಾಟೆ ಬಗ್ಗೆ ಹಾಡಿದ ಪ್ಲೇಟುಗಳು ಓದು ಬರಹ ಬಾರದವರ ಕಿವಿಗೂ ಚಳವಳಿಯನ್ನ ಮುಟ್ಟಿಸಿದವು. ಕಾಂಗ್ರೆಸ್ ನಾಯಕ ಎಸ್. ಸತ್ಯಮೂರ್ತಿ ಈ ದನಿಯ ಬೆಲೆ ಅರಿತಿದ್ದರು. ದುಃಖದಲ್ಲಿ ಮೂಲೆ ಹಿಡಿದಿದ್ದ ಸುಂದರಾಂಬಾಳ್ ಅವರನ್ನ ಮತ್ತೆ ಜನರ ಮುಂದೆ ಕರೆತಂದವರಲ್ಲಿ ಅವರೂ ಒಬ್ಬರು. ಸಭೆಯಲ್ಲಿ ಆಕೆ ಹಾಡ್ತಾರೆ ಅಂದ್ರೆ ಜನ ಸೇರ್ತಿದ್ರು. ಭಾಷಣ ಆಮೇಲೆ.

ಈಗ ಮತ್ತೆ ಆ ಒಂದು ಲಕ್ಷಕ್ಕೆ ಬರೋಣ. ನಿರ್ಮಾಪಕ ಆಸನ್‌ದಾಸ್ ಮನೆಗೆ ಬಂದು ಸಿನಿಮಾ ಮಾಡಿ ಅಂದಾಗ ಆಕೆಗೆ ಮನಸ್ಸಿರಲಿಲ್ಲ. ಒಂದು ಲಕ್ಷ ಕೇಳಿದರೆ ತಾನಾಗಿ ಎದ್ದು ಹೋಗ್ತಾರೆ ಅಂತ ಕೇಳಿದರಂತೆ. ಅವರು ಒಪ್ಪಿಬಿಟ್ಟರಂತೆ! ಚಿತ್ರ ‘ಭಕ್ತ ನಂದನಾರ್’. ಆಕೆಯದು ಗಂಡು ಪಾತ್ರ. ಗಂಡಿನ ಎದುರು ಜೋಡಿಯಾಗಿ ನಟಿಸಲ್ಲ ಅನ್ನೋ ಹಟಕ್ಕೆ ಅದೇ ದಾರಿ. ನಂದನಾರ್ ಯಾರು? ದಲಿತ ಭಕ್ತ. ಚಿದಂಬರದ ನಟರಾಜನನ್ನ ನೋಡಬೇಕು ಅಂತ ಹಂಬಲಿಸಿದವನು, ಜಾತಿಯ ಕಾರಣಕ್ಕೆ ಗುಡಿಯ ಹೊರಗೇ ನಿಲ್ಲಬೇಕಾದವನು. ಹೊಸ್ತಿಲಾಚೆ ನಿಲ್ಲೋದು ಅಂದ್ರೆ ಏನು ಅಂತ ಸುಂದರಾಂಬಾಳ್‌ಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಆಮೇಲಿನ ಪಾತ್ರಗಳನ್ನೂ ನೋಡಿ. 1940ರಲ್ಲಿ ಮಣಿಮೇಕಲೈ, ಬೌದ್ಧ ಭಿಕ್ಷುಣಿ. 1953ರಲ್ಲಿ ಎಸ್.ಎಸ್. ವಾಸನ್ ಅವರ ಜೆಮಿನಿ ಸಂಸ್ಥೆಯ ಔವೈಯಾರ್, ಮದುವೆ ಬೇಡ, ನನ್ನನ್ನ ಮುದುಕಿ ಮಾಡು ಅಂತ ದೇವರನ್ನ ಬೇಡಿದ ಕವಯಿತ್ರಿ. 1964ರ ‘ಪೂಂಪುಹಾರ್’ನಲ್ಲಿ ಜೈನ ಸನ್ಯಾಸಿನಿ. ಒಂದು ಪಾತ್ರಕ್ಕೂ ಜೋಡಿ ಇಲ್ಲ. 1965ರ ‘ತಿರುವಿಳೈಯಾಡಲ್’ನಲ್ಲಿ ಮತ್ತೆ ಔವೈಯಾರ್ ಆಗಿ ಬಂದು, ಮುನಿಸಿಕೊಂಡ ಮುರುಗನನ್ನ ಹಾಡಿ ಸಮಾಧಾನ ಮಾಡ್ತಾರಲ್ಲ, ಆ ದೃಶ್ಯ ನಮ್ಮಲ್ಲೂ ಅನೇಕರು ನೋಡಿರ್ತೀರಿ. ಮೈಕ್ ಮುಂದೆ ನಿಂತರೂ ಅದು ಮೈಕ್ ಇಲ್ಲದ ಕಾಲದ ದನಿಯೇ.

1951ರಲ್ಲಿ ಆಕೆ ಮದ್ರಾಸ್ ವಿಧಾನ ಪರಿಷತ್ತಿನ ಸದಸ್ಯೆಯಾದರು. ಸಿನಿಮಾ ರಂಗದಿಂದ ಶಾಸನಸಭೆಗೆ ಹೋದ ದೇಶದ ಮೊದಲಿಗರು ಅಂತಲೇ ಆಕೆಯನ್ನ ಗುರುತಿಸ್ತಾರೆ. ಎಂಜಿಆರ್, ಜಯಲಲಿತಾ, ಎನ್‌ಟಿಆರ್ ಎಲ್ಲ ಆಮೇಲೆ. 1969ರ ‘ತುಣೈವನ್’ ಚಿತ್ರದ ಹಾಡಿಗೆ ರಾಷ್ಟ್ರ ಪ್ರಶಸ್ತಿ ಬಂದಾಗ ವಯಸ್ಸು 60 ದಾಟಿತ್ತು. 1970ರಲ್ಲಿ ಪದ್ಮಶ್ರೀ. 1980ರಲ್ಲಿ ಆಕೆ ತೀರಿಕೊಂಡರು.

ಕಿಟ್ಟಪ್ಪನ ಕಥೆ ಏನಾಯ್ತು? ಆತ ಯಾವ ಸಿನಿಮಾದಲ್ಲೂ ಇಲ್ಲ. ಆತನ ರಾತ್ರಿಗಳನ್ನ ಕಂಡವರು ಈಗ ಯಾರೂ ಇಲ್ಲ. ಉಳಿದಿರೋದು ಕೆಲವೇ ಕೆಲವು ಪ್ಲೇಟು. ತಲಾ ಮೂರು ನಿಮಿಷ. ಅವು ಇರದಿದ್ದರೆ ಕಿಟ್ಟಪ್ಪ ಅನ್ನೋದು ಬರೀ ಒಂದು ದಂತಕಥೆ. ನಮ್ಮ ಕನ್ನಡ ಕಂಪನಿ ನಾಟಕಗಳ ಎಷ್ಟು ಕಂಠಗಳಿಗೆ ಆ ಮೂರು ನಿಮಿಷವೂ ಸಿಗಲಿಲ್ಲ, ಸಿಕ್ಕವುಗಳಲ್ಲಿ ಎಷ್ಟು ಪ್ಲೇಟು ಅಟ್ಟದ ಮೇಲೆ ಒಡೆದುಹೋದವು, ಯೋಚನೆ ಮಾಡಿ. ನಿಮ್ಮ ಮನೆಯ ಅಟ್ಟದಲ್ಲೂ ಒಂದು ಇರಬಹುದು. ಗುಜರಿಗೆ ಹಾಕೋ ಮುಂಚೆ ಒಮ್ಮೆ ಯಾರ ಹೆಸರಿದೆ ಅಂತ ನೋಡಿ.

ಕೊನೆಗೊಂದು ಮಾತು. ಕೊಡುಮುಡಿ ಇರೋದು ಕಾವೇರಿ ದಡದಲ್ಲಿ. ಕೊಡಗಿನಲ್ಲಿ ಹುಟ್ಟಿ, ಶ್ರೀರಂಗಪಟ್ಟಣ ಬಳಸಿ, ಮೆಟ್ಟೂರು ದಾಟಿ ಹೋಗೋ ಅದೇ ಕಾವೇರಿ. ಪ್ರತಿ ವರ್ಷ ಇದೇ ಸ್ಟುಡಿಯೋದಲ್ಲಿ ಕೂತು ಆ ನೀರಿನ ಬಗ್ಗೆ ಗಂಟೆಗಟ್ಟಲೆ ಮಾತಾಡ್ತೀನಿ. ಎಷ್ಟು ಟಿಎಂಸಿ ಬಿಟ್ಟರು, ಎಷ್ಟು ಕ್ಯೂಸೆಕ್ ಹರೀತು ಅಂತ ಗಂಟಲು ಹರಿದುಕೊಳ್ತೀನಿ. ಅದು ನನ್ನ ಕೆಲಸ, ಮುಂದೆಯೂ ಮಾಡ್ತೀನಿ. ಆದರೆ ಆ ನೀರು ಕುಡಿದು ಬೆಳೆದ ಇಂಥ ದನಿಯೊಂದು ಇತ್ತು ಅಂತ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ಇವತ್ತು ಹೇಳಬೇಕು ಅನ್ನಿಸ್ತು, ಹೇಳಿದೆ.