ಕ್ಷಯದ ಮದ್ದು, ಕುಡಿತದ ಚಟ ಮತ್ತು ಕೋಲಾರದ ಚಿನ್ನದ ಗಣಿ

ಕೋಲಾರ ಚಿನ್ನದ ಗಣಿಯ ಲೈನ್ ಮನೆಗಳಲ್ಲಿ ಎದೆರೋಗವೂ ಸಾರಾಯಿಯೂ ಒಟ್ಟಿಗೇ ಬೇರೂರಿದವು. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಇಲ್ಲಿಗೆ ಕಾಲಿಟ್ಟ ಮೇಲೆ ಉತ್ತರ ಆರ್ಕಾಟ್, ಸೇಲಂ, ಚಿತ್ತೂರು ಕಡೆಯ ದಲಿತ ಕುಟುಂಬಗಳು ಕೂಲಿ ಅರಸಿ ಬಂದವು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಈಗಿನ ಬಂಗಾರಪೇಟೆಯಿಂದ, ಮಾರಿಕುಪ್ಪಂವರೆಗೆ ರೈಲು ಓಡಿತು. 1902ರಲ್ಲಿ ಶಿವನಸಮುದ್ರದ ವಿದ್ಯುತ್ ಬಂತು. ಅಗೆತ ಇಳಿಯುತ್ತ ಹೋಗಿ ಚಾಂಪಿಯನ್ ರೀಫ್ ಗಣಿ ಕೊನೆಗೆ 3 ಕಿಲೋಮೀಟರ್ ಆಳ ದಾಟಿತು. ಆ ಆಳದ ಕಾವು, ಬಂಡೆ ಸಿಡಿಯುವ ಭಯ, ಪಾಳಿ ಮುಗಿಸಿ ಮೇಲೆ ಬಂದವನ ದಣಿವು ಇವೆಲ್ಲ ಹೆಂಡಸಾರಾಯಿಯ ವ್ಯಾಪಾರವನ್ನು ಬೆಳೆಸಿದವು. ಕುಡಿತವನ್ನು ಕಾರ್ಮಿಕನ ನಡತೆಗೆ ಕಟ್ಟುವುದು ಸುಲಭ. ಆದರೆ ಅಬಕಾರಿ ಮೈಸೂರು ಸರ್ಕಾರದ ದೊಡ್ಡ ಆದಾಯಗಳಲ್ಲೊಂದಾಗಿತ್ತು ಎಂಬುದನ್ನೂ ಮರೆಯುವಂತಿಲ್ಲ.

ಕುಡಿತಕ್ಕೆ ಪ್ರತಿರೋಧ ಕಾರ್ಮಿಕರೊಳಗಿಂದಲೇ ಹುಟ್ಟಿತು. 20ನೇ ಶತಮಾನದ ಆರಂಭದಲ್ಲಿ ತಮಿಳು ದಲಿತ ಚಿಂತಕ ಅಯೋತಿದಾಸ ಪಂಡಿತರ ಬೌದ್ಧ ಚಳವಳಿ ಮಾರಿಕುಪ್ಪಂನಲ್ಲಿ ಶಾಖೆ ತೆರೆಯಿತು. ಮಾದಕ ಪಾನೀಯ ಬಿಡುವುದು ಬೌದ್ಧರ ಪಂಚಶೀಲದಲ್ಲಿ ಒಂದು. ದಲಿತ ಕಾರ್ಮಿಕರಿಗೆ ಅದು ಸ್ವಾಭಿಮಾನದ ಮಾತೂ ಆಗಿತ್ತು.

ಎದೆರೋಗದ ಕತೆ ಇನ್ನೂ ಕಠೋರ. ಸ್ಫಟಿಕಶಿಲೆ ಕೊರೆಯುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಗಾಯದ ಗಂಟುಗಳನ್ನು ಕಟ್ಟುತ್ತದೆ, ಅದೇ ಸಿಲಿಕೋಸಿಸ್. ಕ್ಷಯದ ಸೂಕ್ಷ್ಮಾಣುವನ್ನು ನುಂಗಿ ಕೊಲ್ಲಬೇಕಾದ ರಕ್ಷಣಾ ಕೋಶಗಳನ್ನೂ ಆ ದೂಳು ಹಾಳುಗೆಡವುವುದರಿಂದ ಸಿಲಿಕೋಸಿಸ್ ಇದ್ದವರಿಗೆ ಕ್ಷಯ ಬೇಗ ತಗಲುತ್ತದೆ. 1940ರ ದಶಕದಲ್ಲಿ ಇಲ್ಲಿ ನಡೆದ ತಪಾಸಣೆಯಲ್ಲಿ ಪರೀಕ್ಷೆಗೊಳಗಾದ ಸಾವಿರಾರು ಕಾರ್ಮಿಕರಲ್ಲಿ ಶೇ. 40ಕ್ಕಿಂತ ಹೆಚ್ಚು ಮಂದಿಗೆ ಸಿಲಿಕೋಸಿಸ್ ಕಂಡುಬಂತು. ಅತಿಯಾದ ಕುಡಿತವೂ ದೇಹದ ರೋಗನಿರೋಧ ಶಕ್ತಿಯನ್ನು ಕುಗ್ಗಿಸುತ್ತದೆ, ಕ್ಷಯದ ಮಾತ್ರೆಗಳಿಂದ ಯಕೃತ್ತಿಗೆ ಆಗುವ ಅಪಾಯವನ್ನು ಹೆಚ್ಚಿಸುತ್ತದೆ. ಹೀಗೆ ಗಣಿ ಕಾರ್ಮಿಕನಿಗೆ ಒಂದು ಕಾಯಿಲೆ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತಿತ್ತು.

ಈ ಎರಡೂ ಕಾಯಿಲೆಗಳು ಮದ್ದಿನ ಕತೆಯಲ್ಲೂ ಸಂಧಿಸಿದವು. ಕ್ಷಯಕ್ಕೆ ಮದ್ದಾದ ಮೊದಲ ಆ್ಯಂಟಿಬಯಾಟಿಕ್ ಸ್ಟ್ರೆಪ್ಟೊಮೈಸಿನ್ 1943ರಲ್ಲಿ ಸಿಕ್ಕಿತು. 1950ರ ದಶಕದಲ್ಲಿ ಬಂದ ಸೈಕ್ಲೋಸೆರಿನ್ ಎಂಬ ಇನ್ನೊಂದು ಆ್ಯಂಟಿಬಯಾಟಿಕ್ ಕ್ಷಯದ ಜೊತೆಗೆ ಮಿದುಳನ್ನೂ ಮುಟ್ಟುತ್ತದೆಂದು ವೈದ್ಯರು ಬೇಗನೆ ಗಮನಿಸಿದರು: ಕೆಲವು ರೋಗಿಗಳಲ್ಲಿ ಗೊಂದಲ, ಖಿನ್ನತೆ, ಸೆಳವು ಕಾಣಿಸಿಕೊಂಡವು. ಕಲಿಕೆ ಮತ್ತು ನೆನಪಿಗೆ ಬೇಕಾದ ಎನ್‌ಎಂಡಿಎ ಎಂಬ ನರಕೋಶದ ಗ್ರಾಹಕದ ಮೇಲೆ ಅದು ಕೆಲಸ ಮಾಡುತ್ತದೆ ಎಂದು ಮುಂದೆ ತಿಳಿಯಿತು. ಬಾಟಲಿ ಕಂಡೊಡನೆ ಹುಟ್ಟುವ ಹಂಬಲ ಕಲಿತದ್ದಾದರೆ, ಅದನ್ನು ಮರೆಯುವ ಕಲಿಕೆಗೂ ಈ ಮದ್ದು ನೆರವಾದೀತೇ ಎಂಬ ಪ್ರಶ್ನೆ ಎದ್ದಿತು. ಕ್ಷಯಕ್ಕೆ ದಿನಕ್ಕೆ 500ರಿಂದ 1000 ಮಿಲಿಗ್ರಾಂ ಕೊಟ್ಟರೆ, ಇದನ್ನು ಪರೀಕ್ಷಿಸಿದ ಪ್ರಯೋಗಗಳಲ್ಲಿ ಮನೋಚಿಕಿತ್ಸೆಯ ಜೊತೆ ಹೆಚ್ಚಾಗಿ 50 ಮಿಲಿಗ್ರಾಂನಷ್ಟೇ ಕೊಟ್ಟರು. ಸಣ್ಣ ಅಧ್ಯಯನಗಳಲ್ಲಿ ಕೆಲವು ಆಸೆ ಹುಟ್ಟಿಸಿದವು, ಕೆಲವು ಹುಸಿಯಾದವು. ಅತಿಯಾಗಿ ಕುಡಿಯುವವರಿಗೆ ಕ್ಷಯಕ್ಕೆ ಕೊಡುವ ಪ್ರಮಾಣದಲ್ಲಿ ಇದೇ ಮದ್ದು ನಿಷಿದ್ಧ, ಏಕೆಂದರೆ ಸೆಳವಿನ ಅಪಾಯ ಹೆಚ್ಚು.

ಇದಕ್ಕೂ ಹಿಂದೆ, 1964ರಲ್ಲಿ ಅಮೆರಿಕದ ಜೋ ಆನ್ ಟೇಲರ್ ಎಂಬ ವೈದ್ಯೆ ಮೆಟ್ರೊನಿಡಜೋಲ್ ಎಂಬ ಆ್ಯಂಟಿಬಯಾಟಿಕ್ ಸೇವಿಸಿದವರಲ್ಲಿ ಕುಡಿತದ ಹಂಬಲ ತಗ್ಗಿತೆಂದು ವರದಿ ಮಾಡಿದ್ದರು. ಭರವಸೆ ದೊಡ್ಡದಿತ್ತು, ನಿಯಂತ್ರಿತ ಪರೀಕ್ಷೆಗಳಲ್ಲಿ ಅದು ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಿ ಮಿದುಳಿನ ಉರಿಯೂತ ತಗ್ಗಿಸುವ ಮಿನೋಸೈಕ್ಲಿನ್, ಗ್ಲುಟಮೇಟ್ ಎಂಬ ನರರಾಸಾಯನಿಕದ ಮಟ್ಟವನ್ನು ಹದಕ್ಕೆ ತರುವ ಸೆಫ್ಟ್ರಿಯಾಕ್ಸೋನ್ ಈ ಎರಡೂ ಆ್ಯಂಟಿಬಯಾಟಿಕ್‌ಗಳು ಇಲಿಗಳ ಕುಡಿತವನ್ನು ಕಡಿಮೆ ಮಾಡಿವೆ. ಮನುಷ್ಯರಲ್ಲಿ ಮಿನೋಸೈಕ್ಲಿನ್‌ನ ಪ್ರಯೋಗ ಅಷ್ಟು ಫಲ ಕೊಡಲಿಲ್ಲ. ಇಲಿಯ ಫಲಿತಾಂಶವನ್ನು ಮನುಷ್ಯನಿಗೆ ಹಚ್ಚುವ ಆತುರ ಇಲ್ಲಿ ಮತ್ತೆ ಮತ್ತೆ ಸೋತಿದೆ.

ಇತ್ತ ಕೋಲಾರದಲ್ಲಿ 2001ರ ಫೆಬ್ರುವರಿ 28ರಂದು ಗಣಿ ಮುಚ್ಚಿತು. ಅಂದಿನಿಂದ ಸಾವಿರಾರು ಜನ ರೈಲು ಹತ್ತಿ ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುತ್ತಾರೆ. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತಿತು, ಬೇರೆ ಮದ್ಯ ನಿಲ್ಲಲಿಲ್ಲ. ಅದೇ ರೈಲಿನ ದಾರಿಯ ತುದಿಯಲ್ಲಿರುವ ಬೆಂಗಳೂರಿನ ಮಾನಸಿಕ ಆರೋಗ್ಯ ಸಂಸ್ಥೆ ನಿಮ್ಹಾನ್ಸ್ 1991ರಿಂದ ವ್ಯಸನಮುಕ್ತಿ ಕೇಂದ್ರ ನಡೆಸುತ್ತಿದೆ. ಕುಡಿತದ ಚಿಕಿತ್ಸೆಗೆ ಸಾಮಾನ್ಯವಾಗಿ ಬಳಕೆಯಲ್ಲಿರುವುದು ಡೈಸಲ್ಫಿರಾಮ್, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಮತ್ತು ಆಪ್ತಸಮಾಲೋಚನೆ. ಯಾವ ಆ್ಯಂಟಿಬಯಾಟಿಕ್ ಕೂಡ ಈ ಕಾಯಿಲೆಗೆ ಅಂಗೀಕೃತ ಮದ್ದಾಗಿಲ್ಲ. ಸೈಕ್ಲೋಸೆರಿನ್ ಇಂದಿಗೂ ಔಷಧಕ್ಕೆ ಜಗ್ಗದ ಕ್ಷಯಕ್ಕೆ ಬೇಕಾದ ಮದ್ದು. ಅದನ್ನೂ ಅಂಥ ಇತರ ಮದ್ದುಗಳನ್ನೂ ಕುಡಿತ ಬಿಡಿಸಲೆಂದು ವೈದ್ಯರನ್ನು ಕೇಳದೆ ನುಂಗಿದರೆ ಮಿದುಳಿಗೂ ಯಕೃತ್ತಿಗೂ ಕೇಡು, ಸೂಕ್ಷ್ಮಾಣುಗಳು ಮದ್ದಿಗೆ ಒಗ್ಗಿಹೋಗುವ ಅಪಾಯ ಬೇರೆ.