ವಿರುಂಗಾ: ಮೂರು ದೇಶಗಳ ಜಂಟಿ ವನ್ಯಜೀವಿ ಸಂರಕ್ಷಣೆ

ವಿರುಂಗಾ ಮಧ್ಯ ಆಫ್ರಿಕದ ಜ್ವಾಲಾಮುಖಿ ಪರ್ವತಸಾಲು. ಕಾಂಗೋ ಪ್ರಜಾಸತ್ತಾತ್ಮಕ ಗಣರಾಜ್ಯ, ರುವಾಂಡಾ ಮತ್ತು ಉಗಾಂಡಾಗಳ ಗಡಿಗಳು ಇಲ್ಲಿ ಕೂಡುತ್ತವೆ. ಸುಮಾರು 450 ಚದರ ಕಿಲೋಮೀಟರಿನ ಇಲ್ಲಿಯ ಕಾಡು ಮೂರು ದೇಶಗಳ ರಾಷ್ಟ್ರೀಯ ಉದ್ಯಾನಗಳಿಗೆ ಹಂಚಿಹೋಗಿದೆ: ಕಾಂಗೋದ ವಿರುಂಗಾ, ರುವಾಂಡಾದ ವೊಲ್ಕೇನೋಸ್, ಉಗಾಂಡಾದ ಮ್ಗಾಹಿಂಗಾ. ಪರ್ವತ ಗೊರಿಲ್ಲಗಳಿಗೆ ಉಳಿದಿರುವ ಎರಡೇ ನೆಲೆಗಳಲ್ಲಿ ಇದೊಂದು. ಇನ್ನೊಂದು ಉಗಾಂಡಾದ ಬ್ವಿಂಡಿ. ಗೊರಿಲ್ಲ ಗುಂಪುಗಳು ಗಡಿ ದಾಟಿ ಮೇಯುವುದರಿಂದ ಒಂದು ದೇಶ ತಾನೊಂದೇ ಮಾಡಿದ ಎಣಿಕೆ ಅಪೂರ್ಣವಾಗುತ್ತದೆ.

ಉದ್ಯಾನದ ಸ್ಥಾಪನೆ ಮತ್ತು ವಿಭಜನೆ

1902ರಲ್ಲಿ ಜರ್ಮನ್ ಸೇನಾಧಿಕಾರಿ ರಾಬರ್ಟ್ ಫಾನ್ ಬೆರಿಂಗೆ ಸಬಿನ್ಯೊ ಬೆಟ್ಟದಲ್ಲಿ ಗೊರಿಲ್ಲಗಳಿಗೆ ಗುಂಡಿಕ್ಕಿದ. ಪರ್ವತ ಗೊರಿಲ್ಲ ಉಪಜಾತಿಗೆ ಅವನ ಹೆಸರೇ ನಿಂತಿತು. 1921ರಲ್ಲಿ ಅಮೆರಿಕದ ವಸ್ತುಸಂಗ್ರಹಾಲಯಕ್ಕಾಗಿ ಇಲ್ಲಿ ಗೊರಿಲ್ಲಗಳನ್ನು ಬೇಟೆಯಾಡಿದ ಕಾರ್ಲ್ ಏಕ್ಲಿಯೇ ಮುಂದೆ ಅವುಗಳ ರಕ್ಷಣೆಗೆ ಒತ್ತಾಯಿಸಿದ. 1925ರಲ್ಲಿ ಬೆಲ್ಜಿಯಂ ಸರ್ಕಾರ ಆಲ್ಬರ್ಟ್ ರಾಷ್ಟ್ರೀಯ ಉದ್ಯಾನವನ್ನು ಸ್ಥಾಪಿಸಿತು. ಕಾಂಗೋ, ರುವಾಂಡಾಗಳೆರಡೂ ಬೆಲ್ಜಿಯಂ ಆಡಳಿತಕ್ಕೆ ಒಳಪಟ್ಟಿದ್ದರಿಂದ ಎರಡೂ ಕಡೆಯ ಕಾಡು ಒಂದೇ ಉದ್ಯಾನವಾಗಿತ್ತು. 1960ರ ದಶಕದ ಆರಂಭದಲ್ಲಿ ಎರಡೂ ದೇಶಗಳು ಸ್ವತಂತ್ರವಾದಾಗ ಉದ್ಯಾನವೂ ಇಬ್ಭಾಗವಾಯಿತು. ಆ ದಶಕದ ಕೊನೆಗೆ ರುವಾಂಡಾದ ಭಾಗದಲ್ಲಿ ಬಹಳಷ್ಟು ಕಾಡು ಕಡಿದು, ಕೀಟನಾಶಕ ತಯಾರಿಕೆಗೆ ಬೇಕಾದ ಪೈರೆಥ್ರಂ ಬೆಳೆಯಲಾಯಿತು.

ಗಣತಿ

1959–60ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾಲರ್ ವಿರುಂಗಾದಲ್ಲಿ ಸುಮಾರು 450 ಗೊರಿಲ್ಲಗಳಿವೆ ಎಂದು ಅಂದಾಜಿಸಿದರು. 1967ರಲ್ಲಿ ಕಾಂಗೋದ ಕಡೆ ಗೊರಿಲ್ಲಗಳ ಅಧ್ಯಯನ ಆರಂಭಿಸಿದ್ದ ಸಂಶೋಧಕಿ ಡಯಾನ್ ಫಾಸಿ, ಅಲ್ಲಿಯ ರಾಜಕೀಯ ಗಲಭೆಯಿಂದಾಗಿ ಅದೇ ವರ್ಷ ರುವಾಂಡಾದ ಕಡೆಗೆ ಹೋಗಿ ಕರಿಸೋಕೆ ಸಂಶೋಧನಾ ಕೇಂದ್ರವನ್ನು ಕಟ್ಟಿದರು. ಕಾಡಿನ ನಾಶ ಮತ್ತು ಕಳ್ಳಬೇಟೆಯ ಪರಿಣಾಮವಾಗಿ 1981ರ ಹೊತ್ತಿಗೆ ಗೊರಿಲ್ಲಗಳ ಸಂಖ್ಯೆ ಸುಮಾರು 250ಕ್ಕೆ ಕುಸಿದಿತ್ತು.

ಗೊರಿಲ್ಲ ಪ್ರತಿ ರಾತ್ರಿ ಹೊಸ ಗೂಡು ಮಾಡಿಕೊಂಡು ಮಲಗುತ್ತದೆ. ಗಣತಿಯವರು ಜಾಡು ಹಿಡಿದು ಈ ಗೂಡುಗಳನ್ನು ಎಣಿಸುತ್ತಾರೆ. ಲದ್ದಿಯ ಗಾತ್ರದಿಂದ ವಯಸ್ಸನ್ನು ಅಂದಾಜಿಸುತ್ತಾರೆ. ಗಡಿಯ ಎರಡೂ ಬದಿಯಲ್ಲಿ ಕಂಡ ಗುಂಪನ್ನು ಎರಡು ಸಲ ಲೆಕ್ಕಕ್ಕೆ ಹಿಡಿಯುವ ತೊಡಕು ಲದ್ದಿಯ ಡಿಎನ್‌ಎ ಪರೀಕ್ಷೆಯಿಂದ ಬಹುಮಟ್ಟಿಗೆ ನೀಗಿದೆ. ಒಂದೇ ಪ್ರಾಣಿಯ ಮಾದರಿ ಎರಡು ಕಡೆ ಸಿಕ್ಕರೂ ಅದು ಗುರುತಾಗುತ್ತದೆ.

ಜಂಟಿ ವ್ಯವಸ್ಥೆ

1991ರಲ್ಲಿ ಮೂರು ಸಂರಕ್ಷಣಾ ಸಂಸ್ಥೆಗಳು ಸೇರಿ ಅಂತರರಾಷ್ಟ್ರೀಯ ಗೊರಿಲ್ಲ ಸಂರಕ್ಷಣಾ ಕಾರ್ಯಕ್ರಮವನ್ನು ಆರಂಭಿಸಿದವು. ಇದರ ಅಡಿಯಲ್ಲಿ, ಅರಣ್ಯ ರಕ್ಷಕರು ಗಸ್ತಿನಲ್ಲಿ ಕಂಡ ಗೊರಿಲ್ಲ ಗುಂಪು, ಉರುಳು, ಅಕ್ರಮ ಪ್ರವೇಶಗಳನ್ನೆಲ್ಲ ಒಂದೇ ಕ್ರಮದಲ್ಲಿ ದಾಖಲಿಸುವ ಪದ್ಧತಿ ಮೂರೂ ದೇಶಗಳಿಗೆ ಹಬ್ಬಿತು. ರುವಾಂಡಾದ 1994ರ ನರಮೇಧದ ನಂತರ ಗಡಿಯಾಚೆ ಕಾಂಗೋದ ಗೋಮಾ ನಗರದ ಸುತ್ತಲಿನ ನಿರಾಶ್ರಿತರು ಸೌದೆಗಾಗಿ ವಿರುಂಗಾ ಉದ್ಯಾನದ ಮರಗಳನ್ನು ಕಡಿಯಬೇಕಾಯಿತು; ಅದೇ ವರ್ಷ ಯುನೆಸ್ಕೋ ಈ ಉದ್ಯಾನವನ್ನು ಅಪಾಯದಲ್ಲಿರುವ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಯುದ್ಧಗಳ ನಡುವೆಯೂ ಮೂರು ದೇಶಗಳ ಉದ್ಯಾನ ಅಧಿಕಾರಿಗಳ ಸಂಪರ್ಕ ಮುಂದುವರಿಯಿತು. ಈ ಸಹಕಾರವೇ ಮುಂದೆ ಸರ್ಕಾರಗಳ ನಡುವಿನ ಔಪಚಾರಿಕ ವ್ಯವಸ್ಥೆಯಾಗಿ ಬೆಳೆಯಿತು.

ಇತ್ತೀಚಿನ ಸ್ಥಿತಿ

ವಿರುಂಗಾದ ಗೊರಿಲ್ಲಗಳ ಸಂಖ್ಯೆ 2003ರಲ್ಲಿ 380, 2010ರಲ್ಲಿ 480, 2015–16ರಲ್ಲಿ 604 ಆಯಿತು. ಬ್ವಿಂಡಿಯ 2018ರ ಗಣತಿಯ 459 ಸೇರಿದರೆ ಒಟ್ಟು 1,063. 2018ರಲ್ಲಿ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟವು ಪರ್ವತ ಗೊರಿಲ್ಲವನ್ನು ತೀವ್ರ ಅಪಾಯದ ವರ್ಗದಿಂದ ಅಪಾಯದ ವರ್ಗಕ್ಕೆ ಇಳಿಸಿತು. ಆದರೆ ಕಾಡಿನ ಅಂಚಿನವರೆಗೂ ಹೊಲಗಳಿರುವುದರಿಂದ ನೆಲೆ ಹಿಗ್ಗುವ ಅವಕಾಶ ಕಡಿಮೆ. ಮನುಷ್ಯರಿಂದ ಹರಡುವ ಉಸಿರಾಟದ ಸೋಂಕು ಮತ್ತು ಪೂರ್ವ ಕಾಂಗೋದ ಸಶಸ್ತ್ರ ಸಂಘರ್ಷ ಮುಖ್ಯ ಆತಂಕಗಳಾಗಿ ಉಳಿದಿವೆ; ಸಂಘರ್ಷ ತೀವ್ರಗೊಂಡಾಗ ಕಾಂಗೋ ಭಾಗದಲ್ಲಿ ಗಸ್ತು, ಗಣತಿ ಎರಡಕ್ಕೂ ಅಡ್ಡಿಯಾಗುತ್ತದೆ.